ಬೂಟು ಬಿಚ್ಚುವ ಹೊತ್ತು

ಸರಕಾರವು ತನ್ನ ನೌಕರನಿಗೆ ಮಾಡುವ ಉಪಕಾರಗಳಲ್ಲಿ ಒಂದನ್ನು ಆತನು ಉಪಕಾರವೆಂದು ಎಣಿಸುವುದೇ ಇಲ್ಲ. ತಾನು ಎಂದು ಮನೆಗೆ ಹೋಗಬೇಕೆಂಬುದನ್ನು ಆತನು ಯೋಚಿಸಿ ನಿರ್ಧರಿಸಬೇಕಾಗಿಲ್ಲ. ಕರ್ನಾಟಕ ಸರಕಾರದ ಸೇವೆಯಲ್ಲಿ 60 ವರ್ಷ ತುಂಬಿದ ತಿಂಗಳ ಕಡೆಯ ದಿನ ಆ ನಿರ್ಧಾರ ತಾನಾಗಿಯೇ ಆಗಿಹೋಗುತ್ತದೆ. ಹಾರ ಬೀಳುತ್ತದೆ, ಶಾಲು ಹೊದಿಸುತ್ತಾರೆ, ನಾಲ್ಕು ಒಳ್ಳೆಯ ಮಾತು ಆಡುತ್ತಾರೆ, ಸಮೂಹ ಭಾವಚಿತ್ರ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಆ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿರುತ್ತಾರೆ.

ಕಲಬುರಗಿಯ ಖೂಬಾ ಪ್ಲಾಟಿನಂಥ ಬಡಾವಣೆಯಲ್ಲಿ ಬೇಸಗೆಯ ಇಳಿಹೊತ್ತಿನಲ್ಲಿ, ಬಿಸಿಲಿನ ಝಳ ತಗ್ಗಿ ಕಟ್ಟೆಯ ಕಲ್ಲು ತಣ್ಣಗಾಗುವ ವೇಳೆಗೆ, ಇಂಥ ನಿವೃತ್ತರ ಮಾತು ಕಿವಿಗೆ ಬೀಳುವುದುಂಟು. “ಇನ್ನ ಎರಡು ವರ್ಷ ನಾ ಇದ್ದಿದ್ದರ ಆಫೀಸು ಹಿಂಗ ಆಗ್ತಿರಲಿಲ್ಲ ನೋಡ್ರಿ” ಎಂದು ಒಬ್ಬರೆಂದರೆ, “ನೀವಿದ್ದಾಗೂ ಹಿಂಗ ಇತ್ತು ಬಿಡ್ರಿ” ಎಂದು ಮತ್ತೊಬ್ಬರು ನಗುತ್ತಾರೆ. ನಗೆಯೊಳಗೆ ಸಣ್ಣದೊಂದು ನೋವೂ ಇರುತ್ತದೆ. ತಾನಿಲ್ಲದೆ ಕೆಲಸ ನಡೆಯಬಾರದೆಂಬ ಆಸೆ, ನಡೆಯದಿದ್ದರೆ ತನ್ನ ದುಡಿಮೆ ವ್ಯರ್ಥವಾಯಿತಲ್ಲ ಎಂಬ ಅಳುಕು: ಇವೆರಡೂ ಒಂದೇ ಎದೆಯಲ್ಲಿ ವಾಸಿಸುತ್ತವೆ. ಆದರೂ ಅವರಿಗೊಂದು ಸಮಾಧಾನವಿದೆ. ಬಿಟ್ಟುಬಂದವರು ಅವರಲ್ಲ, ಬಿಡಿಸಿದ್ದು ಕಾಲ.

ಕಾಲ್ಚೆಂಡಿನ ಆಟಗಾರನಿಗೆ ಈ ಸಮಾಧಾನವಿಲ್ಲ. ಆತನಿಗೆ ಆಜ್ಞಾಪತ್ರ ಬರುವುದಿಲ್ಲ. ಬರುವುದು ದೇಹದ ಪಿಸುಮಾತು. ಮೂವತ್ತು ದಾಟಿದ ಮೇಲೆ ಮೊದಲು ಕೈಬಿಡುವುದು ವೇಗ. ತೊಡೆಯ ಹಿಂಭಾಗದ ಸ್ನಾಯು ಒಮ್ಮೆ ಹರಿದರೆ, ವಾಸಿಯಾದ ಬಳಿಕವೂ ಮತ್ತೆ ಅಲ್ಲಿಯೇ ಹರಿಯಲು ಕಾದಿರುತ್ತದೆ. ಇಪ್ಪತ್ತರ ಹರೆಯದಲ್ಲಿ ಒಂದು ರಾತ್ರಿಯ ನಿದ್ರೆಯಿಂದ ಮಾಯವಾಗುತ್ತಿದ್ದ ನೋವು ಮೂರು ದಿನ ಮಂಚದ ಬಳಿಯೇ ಕುಳಿತಿರುತ್ತದೆ. ಅನುಭವಿಯಾದ ಆಟಗಾರನು ಕಾಲಿನ ಕೊರತೆಯನ್ನು ಕಣ್ಣಿನಿಂದ ತುಂಬುತ್ತಾನೆ: ಚೆಂಡು ಎಲ್ಲಿಗೆ ಬಂದೀತೆಂದು ಮೊದಲೇ ಊಹಿಸಿ, ಓಡಬೇಕಾದ ಇಪ್ಪತ್ತು ಹೆಜ್ಜೆಯನ್ನು ಹತ್ತಕ್ಕೆ ಇಳಿಸಿಕೊಳ್ಳುತ್ತಾನೆ. ಹೀಗೆ ಎಷ್ಟು ದಿನ? ಆ ಪ್ರಶ್ನೆಗೆ ಉತ್ತರ ಹೇಳಬೇಕಾದವನು ಆತನೊಬ್ಬನೇ.

ಭೈಚುಂಗ್ ಭುಟಿಯಾ ಅವರಿಗೆ ಈ ಉತ್ತರವನ್ನು ದೇಹವೇ ಹೇಳಿಕೊಟ್ಟಿತು. 27 ವರ್ಷಗಳ ನಂತರ ಭಾರತವು ಏಷ್ಯಾ ಕಪ್ ಪ್ರವೇಶಿಸಿ 2011ರ ಜನವರಿಯಲ್ಲಿ ದೋಹಾಕ್ಕೆ ಹೋದಾಗ, ಮೀನಖಂಡದ ಗಾಯದಿಂದ ಅವರು ಮೊದಲ ಎರಡು ಪಂದ್ಯಗಳನ್ನು ಹೊರಗೆ ಕುಳಿತು ನೋಡಬೇಕಾಯಿತು. ದಕ್ಷಿಣ ಕೊರಿಯಾದ ಎದುರಿನ ಮೂರನೆಯ ಪಂದ್ಯದಲ್ಲಿ ಕಡೆಯ ಕೆಲವು ನಿಮಿಷಗಳಷ್ಟೇ ಅವರು ಕಣಕ್ಕಿಳಿದರು. ಬಾಳೆಲ್ಲ ಕಾದ ಹಬ್ಬದಲ್ಲಿ ದಕ್ಕಿದ್ದು ಅಷ್ಟೇ ಪ್ರಸಾದ. ಅದೇ ವರ್ಷದ ಆಗಸ್ಟಿನಲ್ಲಿ, 34ನೆಯ ವಯಸ್ಸಿನಲ್ಲಿ, ಅವರು ರಾಷ್ಟ್ರೀಯ ತಂಡದಿಂದ ನಿವೃತ್ತರಾದರು. ಆದರೆ ಅದೇ ದೋಹಾದಲ್ಲಿ ಎರಡು ಗೋಲು ಹೊಡೆದ ಇಪ್ಪತ್ತಾರರ ತರುಣನೊಬ್ಬನನ್ನು ದೇಶ ಆಗಲೇ ಕಂಡಿತ್ತು. ಹೋಗುವವರಿಗೆ ದುಃಖವಿದ್ದಿತು; ಮನೆ ಬರಿದಾಗುವುದೆಂಬ ಭಯವಿರಲಿಲ್ಲ.

ಆ ತರುಣನೇ ಸುನೀಲ್ ಛೇತ್ರಿ. ಅವರು ಹುಟ್ಟಿದ್ದು 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ. ಕಲಬುರಗಿಯವರಿಗೆ ಅದು ಪರಸ್ಥಳವಲ್ಲ. ವಾಡಿಯಲ್ಲಿ ಕವಲೊಡೆಯುವ ರೈಲುಹಾದಿಯ ಇನ್ನೊಂದು ತುದಿ. 1956ರ ನವೆಂಬರ್ 1ರವರೆಗೆ ಈ ಎರಡೂ ಊರುಗಳು ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವನ್ನು ನಾಲ್ಕನೆಯ ಸ್ಥಾನಕ್ಕೂ, 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕಕ್ಕೂ ಮುಟ್ಟಿಸಿದ ಗುರು ಸೈಯದ್ ಅಬ್ದುಲ್ ರಹೀಮರೂ ಹೈದರಾಬಾದಿನವರೇ. ಛೇತ್ರಿಯವರ ತಂದೆ ಸೈನ್ಯದಲ್ಲಿದ್ದವರು. ತಾಯಿ ನೇಪಾಳದ ಮಹಿಳಾ ತಂಡದಲ್ಲಿ ಕಾಲ್ಚೆಂಡಾಡಿದವರು. 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಮೊದಲ ಬಾರಿ ದೇಶದ ಅಂಗಿ ತೊಟ್ಟ ಛೇತ್ರಿಯವರು ಆ ಪಂದ್ಯದಲ್ಲಿಯೇ ಗೋಲು ಹೊಡೆದರು. 2013ರಲ್ಲಿ ಬೆಂಗಳೂರು ಫುಟ್‌ಬಾಲ್ ಕ್ಲಬ್ ಹುಟ್ಟಿದಾಗ ಅದರ ಮೊದಲ ನಾಯಕರಾದರು. ಕಂಠೀರವ ಕ್ರೀಡಾಂಗಣದ ಜನ ಅವರನ್ನು ತಮ್ಮ ಮನೆಯ ಮಗನೆಂದೇ ತಿಳಿದರು.

2024ರ ಮೇ 16ರಂದು ಅವರು ತಮ್ಮ ನಿರ್ಧಾರವನ್ನು ಪ್ರಕಟಿಸಿದರು. ಮೊದಲು ಮನೆಯವರಿಗೆ ತಿಳಿಸಿದಾಗ ತಾಯಿಯೂ ಹೆಂಡತಿಯೂ ಅತ್ತುಬಿಟ್ಟರೆಂದು ಅವರೇ ಹೇಳಿಕೊಂಡರು. ಆಟ ನೋಡುವಾಗ ತಳಮಳವಾಗುತ್ತದೆಂದು ದಿನವೂ ಹೇಳುತ್ತಿದ್ದವರು, ಆ ತಳಮಳ ಮುಗಿಯಿತೆಂದು ಕೇಳಿದಾಗ ಅತ್ತರು! ಯಾವ ಮನೆಯ ಹೆಣ್ಣುಮಕ್ಕಳಿಗೂ ಈ ಕಣ್ಣೀರಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

ಜೂನ್ 6ರಂದು ಕೋಲ್ಕತ್ತಾದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತಿನ ಎದುರು ವಿದಾಯದ ಪಂದ್ಯ. ಆಗ ಅವರ ವಯಸ್ಸು 39; ದೇಶಕ್ಕಾಗಿ ಹೊಡೆದ ಗೋಲುಗಳು 94. ಜಗತ್ತಿನ ಪುರುಷ ಆಟಗಾರರಲ್ಲಿ ಅವರಿಗಿಂತ ಮುಂದಿದ್ದವರು ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ ಮೂವರೇ. ಜನ ಕಿಕ್ಕಿರಿದಿದ್ದರು. ಕೂಗಿದರು, ಹಾಡಿದರು, ಅತ್ತರು. ಗೋಲು ಮಾತ್ರ ಬರಲಿಲ್ಲ. 0–0. ಐದು ದಿನಗಳ ಬಳಿಕ ಕತಾರಿನ ಎದುರು ಸೋತು ಭಾರತವು ವಿಶ್ವಕಪ್ಪಿನ ಅರ್ಹತಾ ಸುತ್ತಿನಿಂದ ಹೊರಬಿದ್ದಿತು.

ಹಾರ ಬಿದ್ದದ್ದಾಯಿತು. ಆದರೆ ಮರುದಿನ ಕುರ್ಚಿಯಲ್ಲಿ ಕುಳಿತುಕೊಳ್ಳಲು ಯಾರೂ ಬರಲಿಲ್ಲ. ಆ ವರ್ಷವೆಲ್ಲ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ನಮ್ಮ ದೊಡ್ಡ ಕ್ಲಬ್ಬುಗಳು ಗೋಲು ಹೊಡೆಯುವ ನಡುಸ್ಥಾನಕ್ಕೆ ಹಣ ಕೊಟ್ಟು ಹೊರದೇಶದವರನ್ನು ಕರೆತರುತ್ತ ಬಂದಿವೆ. ಭಾರತೀಯ ಹುಡುಗರಿಗೆ ಬಹುಮಟ್ಟಿಗೆ ದಕ್ಕುವುದು ಅಂಚಿನ ಸ್ಥಾನಗಳು. ಕ್ಲಬ್ಬಿನಲ್ಲಿ ವರ್ಷವಿಡೀ ಮಾಡದ ಕೆಲಸವನ್ನು ದೇಶದ ಅಂಗಿ ತೊಟ್ಟ ಕೂಡಲೇ ಮಾಡೆಂದರೆ ಹೇಗೆ? ಅಡುಗೆಮನೆಯ ಹೊಸ್ತಿಲು ದಾಟಗೊಡದ ಸೊಸೆಯನ್ನು ಹಬ್ಬದ ದಿನ ಹೋಳಿಗೆ ಹದ ತಪ್ಪಿತೆಂದು ಗದರಿಸಿದಂತೆ.

ತರಬೇತುದಾರ ಮನೋಲೊ ಮಾರ್ಕೆಝ್ ಛೇತ್ರಿಯವರನ್ನು ಮತ್ತೆ ಕರೆದರು. 2025ರ ಮಾರ್ಚಿನಲ್ಲಿ ಅವರು ಬಂದರು. ಬಂದಾಗ ಎರಡು ಬಗೆಯ ಮಾತು ಕೇಳಿಬಂದವು. ಕರೆದಾಗ ಬರುವುದೇ ಧರ್ಮವೆಂದರು ಕೆಲವರು. ನಲವತ್ತರ ಹಿರಿಯರು ಹುಡುಗರ ದಾರಿಗೆ ಅಡ್ಡ ನಿಲ್ಲುವುದೇ ಎಂದರು ಮತ್ತೆ ಕೆಲವರು.

ಪಂಪನ ಭಾರತವನ್ನು ಓದಿದವರಿಗೆ ಇಲ್ಲಿ ಒಂದು ಸನ್ನಿವೇಶ ನೆನಪಾಗದಿರದು. ಕೌರವಸೇನೆಯ ಪಟ್ಟವನ್ನು ಭೀಷ್ಮನಿಗೆ ಕಟ್ಟಿದಾಗ ಕರ್ಣನು ಸಭೆಯಲ್ಲಿಯೇ ಆ ಮುಪ್ಪನ್ನು ಹಂಗಿಸುತ್ತಾನೆ. ದ್ರೋಣನು ಕರ್ಣನನ್ನು ಗದರುತ್ತಾನೆ. ಕರ್ಣನ ಮಾತಿನಲ್ಲಿ ಸೌಜನ್ಯವಿಲ್ಲ. ಆದರೆ ಸತ್ಯದ ಎಳೆಯೇ ಇಲ್ಲವೆನ್ನಲಾಗದು. ಮುಪ್ಪು ಮುಪ್ಪೇ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಭೀಷ್ಮನು ಶರಶಯ್ಯೆಯಲ್ಲಿ ಮಲಗಿದ ಮೇಲೆ ಪಟ್ಟಕ್ಕೆ ದ್ರೋಣನಿದ್ದನು, ದ್ರೋಣನ ತರುವಾಯ ಆ ಕರ್ಣನೇ ಇದ್ದನು. ಛೇತ್ರಿಯವರ ಬೆನ್ನ ಹಿಂದೆ ಹಂಗಿಸುವವರು ಇದ್ದರು. ಪಟ್ಟ ಹೊರುವ ಕರ್ಣನು ಕಾಣಲಿಲ್ಲ.

ಇನ್ನು ಅವರ ದೇಹವಾದರೋ ಭುಟಿಯಾ ಅವರ ದೇಹದಂತೆ ತೀರ್ಪು ಕೊಡಲು ಒಪ್ಪಲಿಲ್ಲ. ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧ ಭಾರತ 3–0ರಿಂದ ಗೆದ್ದಾಗ ಮೂರನೆಯ ಗೋಲು ಛೇತ್ರಿಯವರ ತಲೆಯಿಂದ ಬಂದಿತು. ಅದು ಅವರ 95ನೆಯದು. ದೇಶಕ್ಕೆ 16 ತಿಂಗಳ ಬಳಿಕ ದೊರೆತ ಮೊದಲ ಗೆಲುವು. ಬೆಂಗಳೂರಿನ ಪರವಾಗಿ ಆ ಋತುವಿನ ಇಂಡಿಯನ್ ಸೂಪರ್ ಲೀಗಿನಲ್ಲಿ ಅವರು 14 ಗೋಲು ಹೊಡೆದರು. ಭಾರತೀಯರಲ್ಲಿ ಅಷ್ಟು ಹೊಡೆದವರು ಬೇರಾರೂ ಇರಲಿಲ್ಲ. ಏಪ್ರಿಲ್ 6ರಂದು ಗೋವಾದ ಎದುರಿನ ಸೆಮಿಫೈನಲ್ಲಿನಲ್ಲಿ ಪಂದ್ಯ ಕೈತಪ್ಪಿ ಹೋಗುತ್ತಿರುವಾಗ, 90 ನಿಮಿಷ ಮುಗಿದ ಮೇಲಿನ ಹೆಚ್ಚುವರಿ ಕ್ಷಣಗಳಲ್ಲಿ, ಅವರ ತಲೆಗೆ ತಾಗಿದ ಚೆಂಡು ಬೆಂಗಳೂರನ್ನು ಫೈನಲ್ಲಿಗೆ ಒಯ್ದಿತು. ಆರು ದಿನಗಳ ಬಳಿಕ ಮೋಹನ್ ಬಾಗಾನ್ ಎದುರು 1–2ರಿಂದ ಸೋತದ್ದು ಬೇರೆ ಮಾತು. ಇನ್ನೂ ಕೆಲಸ ಮಾಡುತ್ತಿರುವ ದೇಹವನ್ನು ಬಿಡೆಂದು ಹೇಳುವುದು ನೋಯುವ ದೇಹಕ್ಕೆ ಹೇಳುವುದಕ್ಕಿಂತ ಕಠಿನ.

ಇಷ್ಟರಲ್ಲಿ ಆಡಬೇಕಾದ ಅಂಗಳವೇ ಅಲುಗಾಡಿತು. ಲೀಗನ್ನು ನಡೆಸುತ್ತಿದ್ದ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಆದ 15 ವರ್ಷಗಳ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಹೊಸ ಕರಾರು ಆಗಲಿಲ್ಲ. ಜುಲೈಯಲ್ಲಿ ಮುಂದಿನ ಋತುವನ್ನು ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ತಿಳಿಸಿತು. ಮೊಟಕುಗೊಂಡ ಲೀಗನ್ನು ಫೆಬ್ರುವರಿ 14ರಿಂದ ನಡೆಸುವುದೆಂಬ ಘೋಷಣೆ ಹೊರಟದ್ದು 2026ರ ಜನವರಿಯಲ್ಲಿ.

ತಿಂಗಳ ಸಂಬಳದ ಮೇಲೆ ಬಾಳುವ ಮನೆಗಳಿಗೆ ಈ ಆರು ತಿಂಗಳುಗಳ ಅರ್ಥ ತಿಳಿಯದ್ದಲ್ಲ. ದೊಡ್ಡ ಹೆಸರಿನವರು ಹೇಗೋ ತಾಳಿಕೊಳ್ಳುತ್ತಾರೆ. ಬೂಟು ತೊಳೆಯುವವನು, ಗಾಯಕ್ಕೆ ಪಟ್ಟಿ ಕಟ್ಟುವವನು, ಹಳ್ಳಿಯಿಂದ ಬಂದು ಮೊದಲ ಕರಾರಿಗೆ ಸಹಿ ಮಾಡಿದ ಹತ್ತೊಂಬತ್ತರ ಹುಡುಗ ಏನು ಮಾಡಬೇಕು? ಹಿರಿಯ ಆಟಗಾರನಿಗೆ ಇದರಲ್ಲಿ ಇನ್ನೊಂದು ಸಂಕಟವೂ ಇದೆ. ಇಪ್ಪತ್ತೆರಡರವನು ಒಂದು ವರ್ಷ ಕಾಯಬಲ್ಲನು. ನಲವತ್ತೊಂದರವನಿಗೆ ಒಂದು ವರ್ಷವೆಂದರೆ ಉಳಿದಿರುವ ಆಸ್ತಿಯೆಲ್ಲ. ಇಷ್ಟು ಹೊತ್ತಿನಲ್ಲಿ ಬಿಟ್ಟರೆ ಮುಳುಗುವ ದೋಣಿಯಿಂದ ಹಾರಿದನೆಂಬ ಮಾತು. ಬಿಡದಿದ್ದರೆ ಹುಟ್ಟೂ ಇಲ್ಲದ ದೋಣಿಯಲ್ಲಿ ಕುಳಿತ ಕೆಲಸ. ಅತ್ತ ದರಿ, ಇತ್ತ ಪುಲಿ.

ರಾಷ್ಟ್ರೀಯ ತಂಡವೂ ಸ್ಥಿರವಾಗಿರಲಿಲ್ಲ. ಜೂನಿನಲ್ಲಿ ಹಾಂಗ್‌ಕಾಂಗಿನಲ್ಲಿ ಸೋಲು. ಆ ಮೇಲೆ ಛೇತ್ರಿಯವರನ್ನು ಕರೆದ ತರಬೇತುದಾರರೇ ಹೊರಟುಹೋದರು. ಆಗಸ್ಟಿನಲ್ಲಿ ಖಾಲಿದ್ ಜಮೀಲ್ ಬಂದರು. ಅಕ್ಟೋಬರ್ 14ರಂದು ಗೋವಾದ ಮಡಗಾಂವಿನಲ್ಲಿ, ಮೊದಲು ಗೋಲು ಹೊಡೆದರೂ, ಸಿಂಗಪುರದ ಎದುರು 1–2ರಿಂದ ಸೋತು ಭಾರತವು 2027ರ ಏಷ್ಯಾ ಕಪ್ಪಿನ ಬಾಗಿಲನ್ನು ಕಳೆದುಕೊಂಡಿತು. ಯಾವ ಕಾರ್ಯಕ್ಕಾಗಿ ಛೇತ್ರಿಯವರನ್ನು ಮರಳಿ ಕರೆದಿದ್ದರೋ ಆ ಕಾರ್ಯ ಹೀಗೆ ಮುಗಿಯಿತು. ನವೆಂಬರಿನಲ್ಲಿ ಅವರು ದೇಶದ ಆಟಕ್ಕೆ ಎರಡನೆಯ ಬಾರಿ, ಕಡೆಯ ಬಾರಿ, ವಿದಾಯ ಹೇಳಿದರು. ಕ್ಲಬ್ಬಿನ ಆಟವನ್ನು ಆಗ ಬಿಡಲಿಲ್ಲ. ಈ ಸಲ ಕಿಕ್ಕಿರಿದ ಕ್ರೀಡಾಂಗಣವಿರಲಿಲ್ಲ, ಹಾರವಿರಲಿಲ್ಲ.

ಎರಡು ವಿದಾಯಗಳಲ್ಲಿ ಯಾವುದು ಮೇಲು? ಮೊದಲನೆಯದೇ ಚೆನ್ನಿತ್ತು, ಅಲ್ಲಿಗೇ ನಿಲ್ಲಿಸಬೇಕಾಗಿತ್ತು ಎನ್ನುವವರು ಬಹಳ. ಕೀರ್ತಿಯ ಲೆಕ್ಕದಲ್ಲಿ ಅದು ನಿಜ. ಆದರೆ ಬಾಳಿನ ಲೆಕ್ಕ ಬೇರೆ. ಮೊದಲ ಸಲ ಹೊರಟಾಗ, ತಾನಿದ್ದರೆ ಏನಾದರೂ ಆಗುತ್ತಿತ್ತೇನೋ ಎಂಬ ಮುಳ್ಳು ಒಳಗೆ ಉಳಿದಿರಬಹುದು, ಜನರಲ್ಲಂತೂ ಉಳಿದಿತ್ತು. ಮರಳಿ ಬಂದು, ಆಡಿ, ಸೋತ ಮೇಲೆ ಆ ಮುಳ್ಳು ಕಳಚಿತು. ಒಬ್ಬ ಹಿರಿಯನ ಹೆಗಲಿನಿಂದ ಮುಚ್ಚಲಾಗದಷ್ಟು ದೊಡ್ಡದು ಮನೆಯ ಬಿರುಕು ಎಂಬುದು ಎಲ್ಲರಿಗೂ ಕಂಡಿತು. ಇಷ್ಟು ವರ್ಷ ಆ ಹೆಗಲು ಮರೆಯಾಗಿದ್ದುದರಿಂದಲೇ ಬಿರುಕು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ದುಡಿಯುವ ಹಿರಿಯರು ಇರುವವರೆಗೆ ಯಾವ ಮನೆಯೂ ಕಿರಿಯರ ಕೈಗೆ ಕೀಲಿಕೈ ಕೊಡುವುದಿಲ್ಲ. ಹಿರಿಯರು ಕುಸಿದ ದಿನ, ಕಿರಿಯರಿಗೆ ಏನೂ ಬರುವುದಿಲ್ಲವೆಂದು ಗೋಳಾಡುತ್ತದೆ. ಬೂಟು ಯಾವಾಗ ಬಿಚ್ಚಬೇಕೆಂಬುದನ್ನು ಆಟಗಾರನು ತನ್ನ ಮೊಣಕಾಲನ್ನು ಕೇಳಿ ತಿಳಿದಾನು. ಬಿಚ್ಚಿಟ್ಟ ಬೂಟಿಗೆ ಹೊಂದುವ ಕಾಲುಗಳನ್ನು ಬೆಳೆಸಿಡುವುದು ಮಾತ್ರ ಆತನೊಬ್ಬನ ಕೆಲಸವಲ್ಲ, ಉಳಿದವರೆಲ್ಲರದು.