ದುರ್ಗದ ತಪ್ಪಲಲ್ಲಿ ಒಂದು ಹೆರಿಗೆ

ತುಮಕೂರಿನಿಂದ ದೇವರಾಯನದುರ್ಗಕ್ಕೆ ಸುಮಾರು 15 ಕಿಲೋಮೀಟರುಗಳ ಹಾದಿ. ನಡುವೆ ನಾಮದ ಚಿಲುಮೆ. ಶ್ರೀರಾಮನು ನಾಮವಿಡಲು ನೀರು ದೊರೆಯದೆ ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿದ ಒರತೆಯಿದೆಂದು ಐತಿಹ್ಯ. ಬೆಟ್ಟದ ಮೇಲೆ ಯೋಗಾನರಸಿಂಹ, ಕೆಳಗೆ ಭೋಗಾನರಸಿಂಹ. ಜಯಮಂಗಲಿ ನದಿ ಹುಟ್ಟುವುದೂ ಈ ಬೆಟ್ಟಗಳಲ್ಲಿಯೇ. ಕಳೆದ ದೀಪಾವಳಿಯ ರಜೆಯಲ್ಲಿ ಗುಡಿಗಳನ್ನು ಕುರಿತು ಬರೆಯಬೇಕೆಂದೇ ನಾನು ಅಲ್ಲಿಗೆ ಹೊರಟೆ. ಬರೆಯುತ್ತಿರುವುದು ಮಾತ್ರ ಒಂದು ಗೋಸುಂಬೆಯನ್ನು ಕುರಿತು.

ತಪ್ಪಲಿನ ಚಹಾದಂಗಡಿಯ ಜಗಲಿಯಲ್ಲಿ, ಕೋಳಿ ಮುಚ್ಚುವ ಬುಟ್ಟಿಯ ಕೆಳಗೆ ಅದು ಸೆರೆಯಾಗಿದ್ದಿತು. ಹಸುರು ಮೈ, ಉಬ್ಬಿದ ಹೊಟ್ಟೆ. ಒಂದು ಕಣ್ಣು ಮುಂದಕ್ಕೆ, ಮತ್ತೊಂದು ಹಿಂದಕ್ಕೆ. ಅಂಗಡಿಯ ಹುಡುಗ ಬೇಸರದಿಂದ ಹೇಳಿದ:

“ನಾಲ್ಕು ದಿನದಿಂದ ಮಿಡತೆ ಕೊಟ್ರೂ ತಿಂತಿಲ್ಲ ಸಾ. ಬರೀ ನೆಲ ಕೆರೀತೈತೆ.”

ಒಲೆಯ ಮುಂದಿದ್ದ ಅಜ್ಜಿ ತಲೆಯೆತ್ತದೆಯೇ ನುಡಿದಳು: “ಬಸುರಿ ಕಣ್ಲಾ ಅದು. ಮಣ್ಣು ಹುಡುಕ್ತೈತೆ. ಸಿಮೆಂಟಿನ ಮ್ಯಾಲೆ ಎಲ್ಲಿ ಹೆರಬೇಕು?”

ಅಜ್ಜಿಯ ಮಾತಿನಲ್ಲಿ ಪ್ರಾಣಿಶಾಸ್ತ್ರವೇ ಅಡಗಿದ್ದಿತು. ಮರದ ಮೇಲೆಯೇ ಬಾಳುವ ಈ ಜೀವಿ ನೆಲಕ್ಕಿಳಿಯುವುದು ಅಪರೂಪ. ತಾಯಿಯಾಗುವಾಗ ಮಾತ್ರ ಇಳಿಯಲೇಬೇಕು. ಹದವಾದ ಮಣ್ಣಿನಲ್ಲಿ ಬಿಲ ತೋಡಿ, ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೊರಟುಹೋಗುತ್ತದೆ. ಬಿಲ ತೋಡಲು ನೆಲ ಸಿಗದಿದ್ದರೆ, ಇಲ್ಲವೆ ಸುತ್ತಲೂ ಜನರ ಕಣ್ಣಿದ್ದರೆ, ಮೊಟ್ಟೆಗಳನ್ನು ಒಡಲಲ್ಲಿಯೇ ತಡೆದುಕೊಂಡು ಪ್ರಾಣ ಬಿಡುವುದುಂಟು. ಹೊರದೇಶಗಳಲ್ಲಿ ಯೆಮೆನ್ ಮೂಲದ ಗೋಸುಂಬೆಯನ್ನು ಸಾಕುವವರು ಇದನ್ನು ಬಲ್ಲರು. ಆ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡಬಲ್ಲುದು. ಆದುದರಿಂದ ಅವರು ಆಳವಾದ ತೊಟ್ಟಿಯಲ್ಲಿ ಕುಸಿಯದಷ್ಟು ತೇವದ ಮಣ್ಣು ತುಂಬಿ, ಬಟ್ಟೆಯ ಮರೆಮಾಡಿ, ದೂರ ಸರಿಯುತ್ತಾರೆ. ಹೆರಿಗೆಯ ಮೊದಲೂ ಅನಂತರವೂ ಸುಣ್ಣದಂಶವುಳ್ಳ ಆಹಾರ ಕೊಡುತ್ತಾರೆ. ಬಟ್ಟಲಿನ ನೀರನ್ನು ಅದು ಸಾಮಾನ್ಯವಾಗಿ ಕುಡಿಯದು. ಎಲೆಯ ಮೇಲಣ ಹನಿಯನ್ನು ನೆಕ್ಕುತ್ತದೆ.

ನಮ್ಮ ನಾಡಿನ ಗೋಸುಂಬೆಗೆ ಇಷ್ಟೊಂದು ಏರ್ಪಾಡು ಬೇಕಿಲ್ಲ. ಅದನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೇ ನಿಷೇಧಿಸಿದೆ. ಅದಕ್ಕೆ ತಕ್ಕ ಆರೈಕೆಯೆಂದರೆ ಬಿಡುಗಡೆ. ಹುಡುಗನಿಗೆ ಕಾಯಿದೆಯ ಮಾತು ಹಿಡಿಸಲಿಲ್ಲ. ಅಜ್ಜಿಯ ಮಾತು ನಾಟಿತು.

“ಹೆತ್ತಮ್ಯಾಲೆ ತಿರುಗಿ ಬತ್ತದಾ ಅಜ್ಜೀ?”

“ಬಾಣಂತಿ ತವರು ಬಿಟ್ಟು ನಿನ್ನ ಬುಟ್ಟಿಗ್ಯಾಕೆ ಬಂದಾಳು?”

ಅವನು ಬುಟ್ಟಿಯನ್ನೆತ್ತಿ, ಅದನ್ನು ಒಂದು ಕೋಲಿಗೆ ಹತ್ತಿಸಿಕೊಂಡು, ಹಿತ್ತಿಲಾಚೆಯ ತಂಗಡಿಯ ಪೊದೆಯವರೆಗೆ ಮೆಲ್ಲನೆ ನಡೆದ. ನಾವು ದೂರದಲ್ಲಿ ಕುಳಿತೆವು. ಗೋಸುಂಬೆ ಬಹು ಹೊತ್ತು ಕದಲಲಿಲ್ಲ. ಆಮೇಲೆ ಪೊದೆಯ ಬುಡಕ್ಕಿಳಿದು, ಮುಂಗಾಲುಗಳಿಂದ ಮಣ್ಣು ಕೆದರತೊಡಗಿತು. ಹಿಂದಿನ ವಾರದ ಮಳೆಗೆ ನೆಲ ಹದವಾಗಿದ್ದಿತು. ಮೊದಲು ತಲೆ, ಅನಂತರ ಭುಜ ಮರೆಯಾದುವು. ಹುಡುಗ ಎದ್ದುನಿಂತ, ನಾನು ಅವನ ಕೈ ಹಿಡಿದು ಕುಳ್ಳಿರಿಸಿದೆ.

ಊರಿಗೆ ಹೋಗುವ ಕೊನೆಯ ಬಸ್ಸು ಬಂದಿತು. ಮೊಟ್ಟೆಯಿಟ್ಟುದನ್ನು ಕಾಣಲು ನಾನು ನಿಲ್ಲಲಾಗಲಿಲ್ಲ. ಮರಿಗಳು ಹೊರಬರಲು ಇನ್ನು ಹಲವು ತಿಂಗಳು. ಆಗ ತಾಯಿಯೂ ಅಲ್ಲಿರುವುದಿಲ್ಲ.

ಕಿಟಕಿಯಿಂದ ತಿರುಗಿ ನೋಡಿದೆ. ಹುಡುಗ ಪೊದೆಯಿಂದ ಇಪ್ಪತ್ತು ಮಾರು ದೂರದಲ್ಲಿ ನಿಂತು, ಅತ್ತ ಬರುತ್ತಿದ್ದ ಕೋಳಿಗಳನ್ನು ಸದ್ದಿಲ್ಲದೆ ಅಟ್ಟುತ್ತಿದ್ದ. ಅವನ ಬುಟ್ಟಿ ಜಗಲಿಯ ಮೇಲೆ ಬರಿದಾಗಿ ಬಿದ್ದಿದ್ದಿತು.