ಕಾಲು ಮಿಲಿಮೀಟರ್

ನಮ್ಮ ಅಡಿಕೆ ಶೆಡ್ಡಿನ ಗೋಡೆಗೂಡಿನಲ್ಲಿ ಮೂರು ಹಳೆಯ ಪಿಸ್ಟನ್‌ಗಳಿವೆ. ಮೂರೂ ಒಂದೇ ಯೆಜ್ಡಿ ಬೈಕಿನ ಹೊಟ್ಟೆಯಿಂದ ಬಂದವು. ಮೊದಲ ಎರಡರ ಒಳಗೋಡೆಯಲ್ಲಿ, ಅವನ್ನು ಕಳಚಿದಾಗ ಅಪ್ಪ ಮೊಳೆಯಿಂದ ಗೀಚಿದ ಇಸವಿಗಳಿವೆ: 1997, 2008. ಮೂರನೆಯದರಲ್ಲಿ ನಾನು ಗೀಚಿದ್ದು 2023. ನೋಡಿದರೆ ಮೂರೂ ಒಂದೇ ಅಳತೆ, ಕೈಯಲ್ಲಿ ಹಿಡಿದರೂ ಒಂದೇ. ಮೈಕ್ರೋಮೀಟರ್ ಹಿಡಿದಾಗ ಮಾತ್ರ ಒಂದಕ್ಕಿಂತ ಇನ್ನೊಂದು ಕಾಲು ಮಿಲಿಮೀಟರ್ ದಪ್ಪ ಎಂದು ತಿಳಿಯುತ್ತದೆ. ಮೂರ್ನಾಲ್ಕು ತಲೆಗೂದಲನ್ನು ಒತ್ತಿ ಜೋಡಿಸಿದರೆ ಎಷ್ಟೋ ಅಷ್ಟು. ನಮ್ಮ ಮನೆಯ ಹತ್ತು ಹದಿನೈದು ವರ್ಷದ ಓಡಾಟ ಎಂದರೆ ಆ ಮೂರ್ನಾಲ್ಕು ಕೂದಲು.

ಚಿತ್ರದುರ್ಗ ಜಿಲ್ಲೆಯ ನಮ್ಮೂರು ಭೀಮಸಮುದ್ರದಲ್ಲಿ ವರ್ಷವನ್ನು ಅಳೆಯುವುದು ಅಡಿಕೆ. ಕೊನೆ ಇಳಿಯುವ ದಿನಗಳಲ್ಲಿ ನಮ್ಮ ಶೆಡ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸುಲಿಯುವವರು ಸಾಲಾಗಿ ಕುಳಿತಿರುತ್ತಾರೆ, ಹಂಡೆಯಲ್ಲಿ ಅಡಿಕೆ ಬೇಯುತ್ತಿರುತ್ತದೆ, ಚೊಗರಿನ ಒಗರು ವಾಸನೆ ಉಟ್ಟ ಬಟ್ಟೆಗೂ ಹತ್ತಿರುತ್ತದೆ. ರಾಶಿ, ಬೆಟ್ಟೆ, ಆಪಿ, ಕೆಂಪುಗೋಟು ಎಂದು ಬೇರೆ ಬೇರೆಯಾಗಿ ಮಂಡಿ ಸೇರಿದ ಮೇಲೆ, ಬೇಸಿಗೆಯ ಹೊತ್ತಿಗೆ, ಶೆಡ್ಡು ಖಾಲಿಯಾಗುತ್ತದೆ. ಆಗ ನೆಲ ಗುಡಿಸಿ, ಗೋಣಿತಾಟು ಹಾಸಿ, ಪಾನಾಗಳನ್ನು ಅಳತೆಯ ಪ್ರಕಾರ ಜೋಡಿಸಿಡುತ್ತೇನೆ. ಅಡಿಕೆಯ ಸುಗ್ಗಿ ಮುಗಿದಲ್ಲಿ ನನ್ನ ಸುಗ್ಗಿ ಶುರು.

ಯೆಜ್ಡಿ ನಮ್ಮ ನಾಡಿನ ಗಾಡಿ. ಮುಂಬೈಯ ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. ಜಯಚಾಮರಾಜ ಒಡೆಯರ ಬೆಂಬಲ ಅದಕ್ಕಿತ್ತು. 1961ರಿಂದ ಅಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ತಯಾರಾದವು. 1970ರ ದಶಕದಲ್ಲಿ ಅದೇ ಗಾಡಿ ಯೆಜ್ಡಿ ಎಂಬ ಹೆಸರು ಹೊತ್ತಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಅಪ್ಪ 1982ರಲ್ಲಿ ಕೊಂಡ ಗಾಡಿ ನಮ್ಮದು. ತೋಟದಿಂದ ಮನೆಗೆ, ಮನೆಯಿಂದ ಮಂಡಿಗೆ, ಹೊಳಲ್ಕೆರೆಯ ಸಂತೆಗೆ, ದುರ್ಗದ ಆಸ್ಪತ್ರೆಗೆ, ಎಲ್ಲಕ್ಕೂ ಅದೇ. ಹಿಂದಿನ ಸೀಟಿನ ಮೇಲೆ ಅಡಿಕೆ ಚೀಲ ಹೇರಿ ಕಟ್ಟಿದರೆ ಅದರ ದನಿ ದಪ್ಪವಾಗುತ್ತಿತ್ತು, ಅಷ್ಟೇ. ನಿಲ್ಲುತ್ತಿರಲಿಲ್ಲ.

1996ರಲ್ಲಿ ಕಾರ್ಖಾನೆ ಮುಚ್ಚಿದ ಸುದ್ದಿ ಊರಿಗೆ ಬಂದಾಗ ಅಪ್ಪ ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಆ ವಾರವೇ ದಾವಣಗೆರೆಗೆ ಹೋಗಿ ನಾಲ್ಕು ಪಿಸ್ಟನ್ ತಂದರು. ಮೂಲ ಅಳತೆಗಿಂತ ಕಾಲು, ಅರೆ, ಮುಕ್ಕಾಲು, ಒಂದು ಮಿಲಿಮೀಟರ್ ದೊಡ್ಡವು. ಸವೆದ ಸಿಲಿಂಡರನ್ನು ಕೊರೆಸಿದಾಗಲೆಲ್ಲ ಒಂದು ಹೆಜ್ಜೆ ದೊಡ್ಡ ಪಿಸ್ಟನ್ ಬೇಕು. ಪ್ರತಿಯೊಂದಕ್ಕೂ ಗ್ರೀಸ್ ಬಳಿದು, ಎಣ್ಣೆ ಕಾಗದ ಸುತ್ತಿ, ಟ್ರಂಕಿನ ತಳದಲ್ಲಿಟ್ಟರು. ಬೀಜದ ಕಾಯಿ ಎತ್ತಿಡುವ ರೈತನ ಬುದ್ಧಿ ಅದು. ಕಾಲು, ಅರೆ, ಮುಕ್ಕಾಲು, ಒಂದು. ಶಾಲೆಯಲ್ಲಿ ಕಲಿತ ಮಗ್ಗಿಗಿಂತ ಈ ಮಗ್ಗಿ ನನಗೆ ಹೆಚ್ಚು ನೆನಪಿದೆ.

ಎಂಜಿನ್ ಇಳಿಸುವುದಕ್ಕೆ ಮೊದಲು ನಾನು ಗಾಡಿಯನ್ನು ತೊಳೆಯುತ್ತೇನೆ. ಕೆಮ್ಮಣ್ಣು, ಹಳೆಯ ಗ್ರೀಸು, ಚೈನಿನ ಮಸಿ ಎಲ್ಲ ಸೇರಿ ಗಟ್ಟಿಯಾದ ಪದರವನ್ನು ಡೀಸೆಲ್ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇಲ್ಲದಿದ್ದರೆ ಬಿಚ್ಚಿದ ಕೂಡಲೇ ಅದು ಒಳಗೆ ಉದುರುತ್ತದೆ. ಆಮೇಲೆ ಗೇರ್ ಆಯಿಲ್ ಇಳಿಸಿ, ಪೆಟ್ರೋಲ್ ಪೈಪ್ ಬಿಚ್ಚಿ, ಕಾರ್ಬುರೇಟರ್ ಕಳಚಿ, ಕ್ಲಚ್ ಕೇಬಲ್ ಬಿಡಿಸುವುದು. ಸೈಲೆನ್ಸರಿನ ಬಳೆಯಂಥ ನಟ್ಟುಗಳಿಗೆ ಕೊಕ್ಕೆ ಪಾನಾ ಬೇಕು. ಸುತ್ತಿಗೆ ಉಳಿ ಹಿಡಿದು ಹೊಡೆದರೆ ಕಚ್ಚು ಮುರಿಯುತ್ತದೆ. ಈ ಗಾಡಿಯ ಚೈನು ಪೂರ್ತಿ ತಗಡಿನ ಪೆಟ್ಟಿಗೆಯೊಳಗೆ ಓಡುವಂಥದ್ದು. ಲಾಕ್ ತೆಗೆದು ಹಾಗೇ ಎಳೆದುಬಿಟ್ಟರೆ ಮತ್ತೆ ಪೋಣಿಸುವುದು ಕಷ್ಟ. ಆದ್ದರಿಂದ ಚೈನಿನ ತುದಿಗೆ ತಂತಿ ಕಟ್ಟಿ ಎಳೆಯಬೇಕು. ಚೈನು ಹೊರಗೆ ಬಂದಾಗ ತಂತಿ ಒಳಗೆ ಉಳಿದು ಹಿಂದಿರುಗುವ ದಾರಿ ಕಾಯುತ್ತದೆ. ಕೊನೆಗೆ ಫೌಂಡೇಷನ್ ಬೋಲ್ಟುಗಳು. ಅವುಗಳನ್ನು ಎಳೆಯುವ ಹೊತ್ತಿಗೆ ಎಂಜಿನ್ನನ್ನು ತೊಲೆಗೆ ಕಟ್ಟಿದ ಹಗ್ಗದಲ್ಲಿ ತೂಗುಬಿಟ್ಟಿರುತ್ತೇನೆ. ಚೌಕಟ್ಟಿನಿಂದ ಅದು ಬಿಡಿಸಿಕೊಂಡು ಮೆಲ್ಲಗೆ ತೂಗುವ ಆ ಗಳಿಗೆ ನನಗೆ ಬಲು ಇಷ್ಟ. ನಲವತ್ತು ವರ್ಷ ನಮ್ಮನ್ನು ಹೊತ್ತದ್ದನ್ನು ನಾವು ಎತ್ತಿ ಹಿಡಿದುಕೊಂಡ ಹಾಗೆ.

ಬಿಚ್ಚಿದ್ದನ್ನು ಇಡುವುದಕ್ಕೆ ತೋಟದ ಹಾಳೆಗಿಂತ ಒಳ್ಳೆಯ ತಟ್ಟೆ ಇನ್ನೊಂದಿಲ್ಲ. ಅಡಿಕೆ ಹಾಳೆಯ ಒಳಮೈ ನುಣುಪು, ಅಂಚು ತಾನಾಗಿಯೇ ಮೇಲೆದ್ದಿರುತ್ತದೆ, ಚಿಕ್ಕ ಸ್ಪ್ರಿಂಗ್ ಕೂಡ ಉರುಳಿಹೋಗುವುದಿಲ್ಲ. ಒಂದು ಹಾಳೆ ಹೆಡ್ಡಿಗೆ, ಒಂದು ಕ್ಲಚ್ಚಿಗೆ, ಒಂದು ಗೇರ್ ಬಾಕ್ಸಿಗೆ. ಎಡದಿಂದ ಬಲಕ್ಕೆ, ಬಿಚ್ಚಿದ ಕ್ರಮದಲ್ಲೇ ಇಡುತ್ತೇನೆ. ಯಾವ ವಾಷರ್ ಯಾವ ಮುಖ ಮೇಲೆ ಮಾಡಿ ಕೂತಿತ್ತು, ಯಾವ ಸ್ಕ್ರೂ ಉದ್ದದ್ದು, ಯಾವುದು ಗಿಡ್ಡ, ಎಲ್ಲವೂ ಹಾಳೆಯ ಮೇಲೆ ಬರೆದಿಟ್ಟಂತಿರುತ್ತದೆ. "ಬಿಚ್ಚೋವಾಗ್ಲೇ ಜೋಡ್ಸ್ಕಂತ ಹೋಗ್ಬೇಕಪ್ಪ" ಎಂದು ಅಪ್ಪ ಹೇಳುತ್ತಿದ್ದರು. ಮನಸ್ಸಿನಲ್ಲಿ ಒಂದು ಎಂಜಿನ್ ಜೋಡಣೆಯಾಗುತ್ತಿದ್ದರೆ ಮಾತ್ರ ಕೈಯಲ್ಲಿರುವುದನ್ನು ಬಿಚ್ಚುವ ಹಕ್ಕು ಎಂಬುದು ಅದರ ಅರ್ಥ.

ನಾಲ್ಕು ನಟ್ ಬಿಚ್ಚಿ ಹೆಡ್ ಎತ್ತಿದರೆ ಎಂಜಿನ್ ತನ್ನ ಕಥೆ ಹೇಳಲು ಶುರುಮಾಡುತ್ತದೆ. ಈ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆಯುತ್ತದೆ, ಪಿಸ್ಟನ್ನೇ ಮುಚ್ಚುತ್ತದೆ. ಮೇಲೆ ಹೋಗುವಾಗ ಕೆಳಗಿನ ಕ್ರ್ಯಾಂಕ್ ಕೋಣೆಗೆ ಪೆಟ್ರೋಲ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೆಳಗೆ ಬರುವಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಪ್ರತಿ ಸುತ್ತಿಗೂ ಒಂದು ಕಿಡಿ. ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗಿದರೆ ನಾಲ್ಕು ಸಾವಿರ ಸ್ಫೋಟ. ಈ ಪಿಸ್ಟನ್ನಿನ ಏರಿಳಿತ 75 ಮಿಲಿಮೀಟರ್. ಅಂದರೆ ಆ ವೇಗದಲ್ಲಿ ಅದು ತನ್ನ ಪುಟ್ಟ ಬಾವಿಯೊಳಗೇ ನಿಮಿಷಕ್ಕೆ 600 ಮೀಟರ್ ನಡೆಯುತ್ತದೆ. ಅಷ್ಟು ದೂರವೂ ಅದರ ಕಾಲಿಗೆ ಸಿಗುವುದು ಪೆಟ್ರೋಲಿನ ಜೊತೆ ಬೆರೆತು ಬಂದ ಎಣ್ಣೆಯ ತೆಳು ಪೊರೆ ಮಾತ್ರ. ಲೀಟರಿಗೆ 40 ಮಿಲಿಲೀಟರ್ ಎಂಬುದು ನಮ್ಮ ಮನೆಯ ಲೆಕ್ಕ. ಅಪ್ಪ ಯಾವಾಗಲೂ ಒಂದು ಹನಿ ಹೆಚ್ಚೇ ಹಾಕುತ್ತಿದ್ದರು. "ಹೆಚ್ಚಾದ್ರೆ ಹೊಗೆ, ಕಮ್ಮಿ ಆದ್ರೆ ಸಾವು."

ಆ ಹೆಚ್ಚಿನ ಹನಿ ಎಕ್ಸಾಸ್ಟ್ ಕಿಂಡಿಯ ಸುತ್ತಲೂ ಪಿಸ್ಟನ್ನಿನ ತಲೆಯ ಮೇಲೂ ಕರಿಯಾಗಿ ಕಟ್ಟಿರುತ್ತದೆ. ಅದನ್ನು ಕಬ್ಬಿಣದಿಂದ ಕೆರೆಯಬಾರದು, ಪಿಸ್ಟನ್ನಿನ ಅಲ್ಯೂಮಿನಿಯಂ ಮೃದು, ಗೀರು ಬೀಳುತ್ತದೆ. ಅಡಿಕೆ ದಬ್ಬೆಯನ್ನು ಸೀಳಿ, ತುದಿಯನ್ನು ಚೂಪು ಮಾಡಿಕೊಂಡರೆ ಅದು ಕರಿಯನ್ನು ಕೀಳುವಷ್ಟು ಗಟ್ಟಿ, ಲೋಹವನ್ನು ನೋಯಿಸದಷ್ಟು ಮೆದು. ಕೆರೆದು ಒರೆಸಿದ ಮೇಲೆ ಪಿಸ್ಟನ್ನಿನ ಪಕ್ಕೆ ಕಾಣುತ್ತದೆ. ಅಲ್ಲಿರುವ ಒಂದೊಂದು ಗೀಟಿಗೂ ಕಾರಣವಿದೆ. ಅಲ್ಲಲ್ಲಿ ಬೆಳ್ಳಗೆ ಉಜ್ಜಿದ ಗುರುತಿದ್ದರೆ ಬಿಸಿಯೇರಿ ಕಚ್ಚಿತ್ತು ಎಂದರ್ಥ. ರಿಂಗಿನ ಕೆಳಗೆ ಕಂದು ಬಣ್ಣ ಇಳಿದಿದ್ದರೆ ಉರಿ ಸೋರುತ್ತಿತ್ತು.

ಎರಡನೆಯ ಪಿಸ್ಟನ್ ಉಳಿದೆರಡಕ್ಕಿಂತ ಬೇಗ ಸವೆಯಿತು. ಹನ್ನೊಂದೇ ವರ್ಷ. ಅದರ ಪಕ್ಕೆಯಲ್ಲಿ ಬಾಚಣಿಗೆ ಎಳೆದಂತೆ ನೆಟ್ಟನೆಯ ಸಣ್ಣ ಗೀಟುಗಳು. ನಮ್ಮ ಸುತ್ತಿನ ಗುಡ್ಡಗಳಲ್ಲಿ ಅದಿರಿನ ಗಣಿಗಾರಿಕೆ ಜೋರಾಗಿದ್ದ ಕಾಲ ಅದು. ಲಾರಿಗಳ ಹಿಂದೆ ಎದ್ದ ಕೆಂಧೂಳು ಅಡಿಕೆ ಗರಿಗಳ ಮೇಲೆ ಕೂತಿತ್ತು, ಒಣಗಲು ಹರವಿದ ಅಡಿಕೆಯ ಮೇಲೆ ಕೂತಿತ್ತು. ಏರ್ ಫಿಲ್ಟರನ್ನು ದಾಟಿದ್ದಷ್ಟು ಸಿಲಿಂಡರಿನೊಳಗೂ ಹೋಯಿತು. ಎಣ್ಣೆಯಲ್ಲಿ ಕಲಸಿದ ಅದಿರಿನ ಪುಡಿ ಸಾಣೆಕಲ್ಲಿಗೆ ಸಮ. 2011ರಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲಿನ ವರ್ಷಗಳ ಸಮಾಧಾನ ಮೂರನೆಯ ಪಿಸ್ಟನ್ನಿನ ಪಕ್ಕೆಯಲ್ಲಿದೆ. ಊರಿನ ಚರಿತ್ರೆಯನ್ನು ಹೀಗೂ ಓದಬಹುದೆಂದು ನನಗೆ ತಿಳಿದದ್ದು ಆ ಎರಡನ್ನೂ ಅಕ್ಕಪಕ್ಕ ಇಟ್ಟು ಬಿಸಿಲಿಗೆ ಹಿಡಿದಾಗ.

ಬೇರಿಂಗ್ ಬಿಡಿಸುವ ದಿನ ಅಡಿಕೆ ಬೇಯಿಸುವ ಒಲೆಗೆ ಮತ್ತೆ ಬೆಂಕಿ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕ್ರ್ಯಾಂಕ್ ಕೇಸಿನ ಹೋಳನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ, ಎತ್ತಿ, ಹಲಗೆಯ ಮೇಲೆ ಬೋರಲು ಹಾಕಿ ಮರದ ಸುತ್ತಿಗೆಯಿಂದ ಎರಡು ಸಲ ತಟ್ಟಿದರೆ, ಹಿಂದಿನ ದಿನ ಏನು ಮಾಡಿದರೂ ಅಲುಗದಿದ್ದ ಬೇರಿಂಗ್ ಟಪ್ಪನೆ ಬೀಳುತ್ತದೆ. ಹೊಸದನ್ನು ಕೂರಿಸಲು ಇದರ ತಿರುವುಮುರುವು: ಕೇಸು ಬಿಸಿ, ಬೇರಿಂಗ್ ತಣ್ಣಗೆ. ರಾತ್ರಿಯೇ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಐಸು ಕಟ್ಟುವ ಖಾನೆಯಲ್ಲಿಟ್ಟಿರುತ್ತೇನೆ. ಅಮ್ಮ ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಅದರ ಪಕ್ಕದಲ್ಲೇ ಹಸಿ ಬಟಾಣಿ ಇಟ್ಟುಕೊಳ್ಳುತ್ತಾರೆ. ಬಲ ಪ್ರಯೋಗವಿಲ್ಲದೆ, ಹೆಬ್ಬೆರಳ ಒತ್ತಿಗೆ ಬೇರಿಂಗ್ ತನ್ನ ಮನೆಯೊಳಗೆ ಇಳಿದು ಕೂರುವ ಸುಖವನ್ನು ಅನುಭವಿಸಿಯೇ ತಿಳಿಯಬೇಕು.

ಮನೆಯಲ್ಲಿ ಆಗದ ಕೆಲಸ ಎರಡು: ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಒತ್ತಿಸುವುದು, ಬೋರ್ ಹೊಡೆಸುವುದು. ಅದಕ್ಕೆ ದಾವಣಗೆರೆಯ ಲೇತ್ ಅಂಗಡಿಯೇ ಬೇಕು. ಅಲ್ಲಿನ ಯಜಮಾನರು ಸಿಲಿಂಡರಿಗಿಂತ ಮೊದಲು ಪಿಸ್ಟನ್ ಕೇಳುತ್ತಾರೆ. "ಪಿಸ್ಟನ್ ಎಷ್ಟದೆಯೋ ಅದಕ್ಕೆ ಬೋರ್ ಮಾಡ್ಬೇಕು, ಬೋರಿಗೆ ಪಿಸ್ಟನ್ ಹುಡುಕ್ಬಾರ್ದು" ಎನ್ನುತ್ತಾ ಅಳೆಯುತ್ತಾರೆ. ನಡುವೆ ಅವರು ಬಿಡುವ ಸಂದು ಎರಡೂವರೆ ಥೌ, ಮಿಲಿಮೀಟರಿನ ನೂರರಲ್ಲಿ ಆರು ಪಾಲು. ಅವರ ಅಂಗಡಿಯ ಮೂಲೆಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತ್ ಒಂದಿದೆ. 1941ರಲ್ಲಿ ಶುರುವಾದ ಆ ಕಾರ್ಖಾನೆಯೂ ಈಗಿಲ್ಲ. ಬಾಗಿಲು ಮುಚ್ಚಿದ ಮೈಸೂರಿನ ಕಾರ್ಖಾನೆಯ ಎಂಜಿನ್ನಿಗೆ, ಬಾಗಿಲು ಮುಚ್ಚಿದ ಹರಿಹರದ ಕಾರ್ಖಾನೆಯ ಲೇತಿನಲ್ಲಿ ಒಂದು ಬುಷ್ ಕಡೆಯುವುದನ್ನು ನಾನು ಅಲ್ಲಿ ನಿಂತು ನೋಡಿದ್ದೇನೆ. ಕಟ್ಟಿದವರ ಕೈ ನಿಂತ ಮೇಲೂ ಕಟ್ಟಿದ್ದು ಬದುಕಿರುವುದು ಬಳಸುವವರ ಕೈಯಿಂದ.

ಜೋಡಣೆಯಲ್ಲಿ ಅವಸರ ಸಲ್ಲದು. ರಿಂಗನ್ನು ಮೊದಲು ಬರೀ ಬೋರಿನೊಳಗೆ ಇಳಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಅಲ್ಲೂ ಕಾಲು ಮಿಲಿಮೀಟರಿನ ಆಸುಪಾಸು. ಪಿಸ್ಟನ್ನಿನ ತೋಡಿನಲ್ಲಿ ಒಂದು ಪುಟ್ಟ ಪಿನ್ನಿದೆ. ರಿಂಗಿನ ತುದಿಗಳು ಅದರ ಎರಡು ಬದಿಗೆ ಬರದಿದ್ದರೆ ಕಿಂಡಿಗೆ ಸಿಕ್ಕಿ ಮುರಿಯುತ್ತವೆ. ಸರ್ಕ್ಲಿಪ್ ಹಾಕುವಾಗ ಕ್ರ್ಯಾಂಕ್ ಕೇಸಿನ ಬಾಯಿಗೆ ಬಟ್ಟೆ ತುರುಕಿರಬೇಕು. ಎರಡೂ ಕಡೆಯ ಆಯಿಲ್ ಸೀಲು ಹೊಸದೇ ಆಗಿರಬೇಕು. ಅಲ್ಲಿ ಗಾಳಿ ಸೋರಿದರೆ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಗಾಳಿ ಕುಡಿದು ಬಿಸಿಯೇರುತ್ತದೆ. ಕೊನೆಯದು ಟೈಮಿಂಗ್. ಪಿಸ್ಟನ್ ತುದಿ ಮುಟ್ಟಲು ಸುಮಾರು ಮೂರು ಮಿಲಿಮೀಟರ್ ಇರುವಾಗ ಪಾಯಿಂಟ್ ತೆರೆಯಬೇಕು. ಪಾಯಿಂಟಿನ ನಡುವೆ ತೆಳು ಕಾಗದದ ಚೂರು ಸಿಕ್ಕಿಸಿ, ಮೆಲ್ಲಗೆ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸುತ್ತೇನೆ. ಕಾಗದ ಸಡಿಲಾಗಿ ಕೈಗೆ ಬಂದ ಕ್ಷಣವೇ ಕಿಡಿಯ ಕ್ಷಣ.

ಹೋದ ಸಲ ಎಲ್ಲ ಮುಗಿದಾಗ ಸಂಜೆಯಾಗಿತ್ತು. ಹಾಳೆಗಳೆಲ್ಲ ಖಾಲಿ. ಅಪ್ಪ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಅವರ ಮೊಣಕಾಲು ಈಗ ಕಿಕ್ ಹೊಡೆಯಲು ಬಿಡುವುದಿಲ್ಲ. ಹೈಸ್ಕೂಲಿನಲ್ಲಿ ಓದುವ ನನ್ನ ಮಗಳು ಟ್ಯಾಂಕಿಗೆ ಎಣ್ಣೆ ಅಳೆದು ಸುರಿದಳು. ಮೂರನೆಯ ಕಿಕ್ಕಿಗೆ ಎಂಜಿನ್ ಕೆಮ್ಮಿತು, ನಾಲ್ಕನೆಯದಕ್ಕೆ ಹಿಡಿಯಿತು. ನೀಲಿ ಹೊಗೆ ತೊಲೆಯವರೆಗೆ ಏರಿತು. ಅಪ್ಪ ಕಣ್ಣು ಮುಚ್ಚಿ ಕೇಳಿದರು. "ಪಿಸ್ಟನ್ ಸದ್ದಿಲ್ಲ. ಒಂದಿಷ್ಟು ದಿನ ಓಡ್ಸಬ್ಯಾಡ, ನಡೆಸು" ಎಂದರು. ಹೊಸ ಬೋರು ಹೊಸ ಎತ್ತಿನ ಹಾಗೆ, ನೊಗಕ್ಕೆ ಹೊಂದುವವರೆಗೆ ಭಾರ ಹೇರಬಾರದು. ಕೆರೆ ಏರಿಯ ಉದ್ದಕ್ಕೂ ಅರ್ಧ ಆಕ್ಸಿಲರೇಟರಿಗಿಂತ ಹೆಚ್ಚು ತಿರುವದೆ ಹೋಗಿಬಂದೆ.

ಮನೆಗೆ ಬಂದು ಕಳಚಿದ ಪಿಸ್ಟನ್ನಿನೊಳಗೆ 2023 ಎಂದು ಗೀಚಿ ಗೂಡಿನಲ್ಲಿಟ್ಟೆ. ಟ್ರಂಕಿನ ತಳದಲ್ಲಿ ಈಗ ಉಳಿದಿರುವುದು ಒಂದೇ ಪೊಟ್ಟಣ, ಒಂದು ಮಿಲಿಮೀಟರಿನದು. ಎಣ್ಣೆ ಕಾಗದ ಕಂದಾಗಿದೆ, ಗಂಟು ಅಪ್ಪ ಹಾಕಿದ್ದೇ. ಮಗಳು ಬಿಚ್ಚಿ ನೋಡಲೇ ಎಂದಳು. ಬೇಡವೆಂದೆ. ಎಣ್ಣೆಯನ್ನು ಅಳೆದು ಹಾಕಿ, ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು, ಬಿಸಿಯೇರುವ ಮುನ್ನ ನಿಲ್ಲಿಸಿ, ಆ ಗಂಟು ಬಿಚ್ಚುವ ದಿನವನ್ನು ಎಷ್ಟು ದೂರ ತಳ್ಳಬಹುದೋ ಅಷ್ಟು ದೂರ ತಳ್ಳುವುದೇ ಇನ್ನು ಮುಂದಿನ ನನ್ನ ಕೆಲಸ. ಅದನ್ನು ಬಿಚ್ಚುವ ಕೈ ಅವಳದಾಗಲಿ. ಮುಕ್ಕಾಲರ ಪಿಸ್ಟನ್ನಿನೊಳಗೆ ಅವಳು ಗೀಚುವ ಇಸವಿಗಾಗಿ ಗೂಡಿನಲ್ಲಿ ನಾಲ್ಕನೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.