ಮುಂದಿನ ಗಾಡಿಯವನಿಗೆ ಬಿಡಲು ಬರುವುದಿಲ್ಲ!

ನೀವು ಯಾವ ದೇಶಕ್ಕೆ ಬೇಕಾದರೂ ಹೋಗಿ. ಭಾಷೆ ಬೇರೆ, ಊಟ ಬೇರೆ, ಉಡುಗೆ ಬೇರೆ. ಆದರೆ ಒಂದು ಮಾತು ಮಾತ್ರ ಎಲ್ಲ ಕಡೆಯೂ ಒಂದೇ. ಸ್ಟೀರಿಂಗ್ ಹಿಡಿದವನು ಮುಂದಿನ ಗಾಡಿಯನ್ನು ನೋಡಿ ಹೇಳುವ ಮಾತು: “ಇವನಿಗೆ ಲೈಸೆನ್ಸ್ ಕೊಟ್ಟವರು ಯಾರಪ್ಪಾ?”

ನಾನು ಇದನ್ನು ಮೊದಲು ಗಮನಿಸಿದ್ದು ದುಬೈಯಲ್ಲಿ. ವಿಮಾನ ನಿಲ್ದಾಣದ ಹೊರಗೆ ಟ್ಯಾಕ್ಸಿ ನಿಂತಿತ್ತು. ಊರಿನ ಅಭ್ಯಾಸದಂತೆ ಎಡಗಡೆಯ ಮುಂದಿನ ಬಾಗಿಲು ತೆರೆದೆ. ಒಳಗೆ ಚಾಲಕ ಕುಳಿತಿದ್ದ! ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುತ್ತವೆ, ಸ್ಟೀರಿಂಗ್ ಇರುವುದು ಎಡಕ್ಕೆ ಎಂಬುದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು. ಪೇಶಾವರದ ಆ ಚಾಲಕ ನಗುತ್ತಾ, “ಭಾಯಿ ಸಾಬ್, ನೀವೇ ಬಿಡುತ್ತೀರಾ?” ಎಂದ. ದಾರಿಯುದ್ದಕ್ಕೂ ಅವನದು ಒಂದೇ ಉಪದೇಶ: “ಇಲ್ಲಿ ನಿಮ್ಮ ಇಂಡಿಯಾದವರು ಬಿಡುವ ಗಾಡಿಯಿಂದ ದೂರ ಇರಬೇಕು.”

ದೇರಾದಲ್ಲಿ ಬಾವನ ಮನೆ ತಲುಪಿ ಇದನ್ನು ಹೇಳಿದಾಗ ಬಾವ ಹುಬ್ಬೇರಿಸಿದರು. “ಪೇಶಾವರದವನ ಟ್ಯಾಕ್ಸಿಯಲ್ಲಿ ಬಂದೆಯಾ? ನೀನು ಕೈಕಾಲು ಸರಿಯಾಗಿ ಬಂದದ್ದೇ ದೊಡ್ಡದು!” ಪಕ್ಕದ ಮನೆಯ ಕೈರೋದವರ ಅಭಿಪ್ರಾಯವೇ ಬೇರೆ. ಅವರ ಪ್ರಕಾರ ಇಂಡಿಯಾದವರೂ ಪಾಕಿಸ್ತಾನದವರೂ ಒಂದೇ ಶಾಲೆಯಲ್ಲಿ ಫೇಲಾದವರು. ಕೈರೋದ ರಸ್ತೆಯಲ್ಲಿ ಕಲಿತವನಿಗೆ ಮಾತ್ರ ಜಗತ್ತಿನ ಯಾವ ಮೂಲೆಯಲ್ಲೂ ಗಾಡಿ ಬಿಡಬಹುದಂತೆ. ಕೈರೋದಲ್ಲಿ ರಸ್ತೆಯ ಮೇಲೆ ಬಳಿದ ಬಿಳಿ ಗೆರೆಗಳು ಅಲಂಕಾರಕ್ಕೆ, ಹಾರನ್ ಮಾತನಾಡಲಿಕ್ಕೆ ಎಂದು ಅಲ್ಲಿಗೆ ಹೋಗಿಬಂದವರು ಹೇಳುತ್ತಾರೆ. ಪಾದಚಾರಿಗಳು ಓಡುವ ಗಾಡಿಗಳ ನಡುವೆಯೇ ಹೆಜ್ಜೆಹೆಜ್ಜೆಯಾಗಿ ದಾಟಬೇಕು. ಬಾವ ಕೇಳಿದರು: “ಹಾಗಾದರೆ ಅಲ್ಲಿ ಫೇಲಾಗುವುದು ಹೇಗೆ?”

ಜರ್ಮನಿಯವರು ಶಿಸ್ತಿಗೆ ಹೆಸರಾದವರು. ಅವರ ಹೆದ್ದಾರಿಗಳ ಎಷ್ಟೋ ಭಾಗಗಳಲ್ಲಿ ವೇಗಕ್ಕೆ ಮಿತಿಯೇ ಇಲ್ಲ. ಆದರೆ ಇನ್ನೊಬ್ಬ ಚಾಲಕನನ್ನು ನೋಡಿ, ‘ನಿನಗೆ ತಲೆ ಸರಿ ಇಲ್ಲವೇ’ ಎಂಬಂತೆ ಹಣೆಗೆ ಬೆರಳು ತಟ್ಟಿ ತೋರಿಸಿದರೆ ಅದು ಅವಮಾನದ ಅಪರಾಧ, ದಂಡ ಬೀಳಬಹುದು. ಕಾನೂನು ಮಾಡಬೇಕಾಯಿತು ಎಂದರೆ ಅಲ್ಲಿಯೂ ಬೆರಳುಗಳು ಸುಮ್ಮನಿಲ್ಲ ಎಂದಾಯಿತಲ್ಲ!

ಈ ರೋಗಕ್ಕೆ ಒಂದೊಂದು ದೇಶ ಒಂದೊಂದು ಮದ್ದು ಹುಡುಕಿದೆ. ಫಿನ್‌ಲ್ಯಾಂಡಿನವರು ಜೇಬಿಗೆ ಕೈ ಹಾಕಿದರು. ಅಲ್ಲಿ ಮಿತಿಮೀರಿದ ವೇಗಕ್ಕೆ ಚಾಲಕನ ಆದಾಯ ನೋಡಿ ದಂಡ ಹಾಕುತ್ತಾರೆ. 50 ಕಿಲೋಮೀಟರ್ ಮಿತಿಯ ರಸ್ತೆಯಲ್ಲಿ 75ರಲ್ಲಿ ಮೋಟಾರ್ ಸೈಕಲ್ ಓಡಿಸಿದ ಮೊಬೈಲ್ ಕಂಪೆನಿಯೊಂದರ ದೊಡ್ಡ ಅಧಿಕಾರಿಗೆ ಸುಮಾರು 1,16,000 ಯೂರೋ ದಂಡ ಬಿದ್ದದ್ದು 2002ರಲ್ಲಿ ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ನಂತರ ಅದನ್ನು ಕಡಿಮೆ ಮಾಡಿದರೆನ್ನಿ. ಕೊಲಂಬಿಯಾದ ರಾಜಧಾನಿ ಬೊಗೋಟದ ಮೇಯರ್ ಅಂತಾನಾಸ್ ಮೊಕ್ಕುಸ್ 1990ರ ದಶಕದ ಮಧ್ಯದಲ್ಲಿ ಬೇರೆಯೇ ದಾರಿ ಹಿಡಿದರು. ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡ ಮೂಕಾಭಿನಯ ಕಲಾವಿದರನ್ನು ರಸ್ತೆಗಿಳಿಸಿದರು. ಜೀಬ್ರಾ ಗೆರೆಯ ಮೇಲೆ ಗಾಡಿ ನಿಲ್ಲಿಸಿದವನ ಎದುರು ಅವರು ಅಣಕವಾಡುತ್ತಿದ್ದರು. ದಂಡ ಹಾಕುವ ಅಧಿಕಾರ ಅವರಿಗಿರಲಿಲ್ಲ, ಒಂದು ಮಾತೂ ಆಡುತ್ತಿರಲಿಲ್ಲ. ಸುತ್ತಲಿನ ಜನ ನಗುತ್ತಿದ್ದರು, ಚಾಲಕ ನಾಚಿ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದ.

ನಮ್ಮ ಬಾವನ ಮೇಲೆ ಯಾವ ಮದ್ದು ಕೆಲಸ ಮಾಡಿತ್ತು ಎಂಬುದು ನನಗೆ ತಿಳಿದದ್ದು ಅವರು ರಜೆಯಲ್ಲಿ ಊರಿಗೆ ಬಂದಾಗ. ದುಬೈಯಲ್ಲಿ ನಾಲ್ಕನೇ ಪ್ರಯತ್ನಕ್ಕೆ ಪರೀಕ್ಷೆ ಪಾಸಾದವರು ಅವರು. ಅಲ್ಲಿ ಸೀಟ್ ಬೆಲ್ಟ್ ಇಲ್ಲದೆ ಗಾಡಿ ಅಲುಗಾಡಿಸುವವರಲ್ಲ. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ನನ್ನ ಕೈಯಿಂದ ಕೀಲಿ ಪಡೆದರು ನೋಡಿ, ಬೇರೆಯೇ ಮನುಷ್ಯ! ಬೆಲ್ಟ್ ಇಲ್ಲ, ಇಳಿಜಾರಿನ ತಿರುವಿನಲ್ಲೇ ಓವರ್‌ಟೇಕ್, ಹಾರನ್ನಿನ ಮೇಲಿಂದ ಕೈ ತೆಗೆಯುವ ಮಾತೇ ಇಲ್ಲ. ಹಿಂದಿನ ಸೀಟಿನಲ್ಲಿದ್ದ ಅವರ ಎಂಟು ವರ್ಷದ ಮಗಳು ಮುಗ್ಧವಾಗಿ ಕೇಳಿದಳು: “ಬಾಪಾ, ಇಲ್ಲಿ ಕ್ಯಾಮರಾ ಇಲ್ಲವಾ?”

ಅಕ್ಕ ನಕ್ಕಳು, ನಾನೂ ನಕ್ಕೆ. ಬಾವನೂ ನಕ್ಕು ಬೆಲ್ಟ್ ಹಾಕಿಕೊಂಡರು. ಆ ಮಾತನ್ನು ನಾನು ಹತ್ತಾರು ಮಂದಿಗೆ ಹೇಳಿ ನಗಿಸಿದೆ. ಹೇಳುವಾಗಲೆಲ್ಲ ಆ ಕತೆಯಲ್ಲಿ ಕೆಟ್ಟ ಚಾಲಕ ಬಾವ, ನಾನಲ್ಲ.

ಅದಾಗಿ ಎರಡು ವಾರ. ಸಂಜೆ ಶಾಲೆ ಬಿಡುವ ಹೊತ್ತು, ಸಣ್ಣಗೆ ಮಳೆ. ನನ್ನ ಮುಂದೆ ಒಂದು ಸರ್ವಿಸ್ ಬಸ್ಸು ಹತ್ತು ಮಾರಿಗೊಮ್ಮೆ ನಿಲ್ಲುತ್ತಿತ್ತು. ನಾನು ಬಸ್ಸಿನವನಿಗೆ ಮನಸ್ಸಿನಲ್ಲೇ ಬೈಯುತ್ತಾ ಬಂದೆ. ಇನ್ನೊಂದು ಸಲ ಅದು ನಿಂತಾಗ ತಾಳ್ಮೆ ತಪ್ಪಿ ಬಲಕ್ಕೆ ತಿರುಗಿಸಿ ವೇಗ ಹೆಚ್ಚಿಸಿದೆ. ಬಸ್ಸಿನ ಮೂತಿಯ ಎದುರಿನಿಂದ ಒಬ್ಬ ಹುಡುಗ ರಸ್ತೆಗೆ ಬಂದ. ಬ್ರೇಕ್ ಒತ್ತಿದೆ. ಗಾಡಿ ಜಾರಿ ನಿಂತಿತು. ಬಾನೆಟ್ಟಿಗೂ ಅವನಿಗೂ ನಡುವೆ ಒಂದು ಗೇಣು ಇದ್ದಿರಬಹುದು. ಅವನ ಕೊಡೆ ಕೆಳಗೆ ಬಿದ್ದಿತ್ತು, ಒಂದು ಕಾಲಿನ ಚಪ್ಪಲಿ ಕಳಚಿತ್ತು. ನಾನು ಇಳಿದು ಹೋಗುವಷ್ಟರಲ್ಲಿ ಅವನೇ ಹೇಳಿದ: “ಸಾರಿ ಅಂಕಲ್.”

ಓದುಗರೇ, ಆ ಮಾತನ್ನು ಇಂದಿಗೂ ಮರೆಯಲಾಗುತ್ತಿಲ್ಲ. ತಪ್ಪು ನನ್ನದು, ಕ್ಷಮೆ ಕೇಳಿದ್ದು ಅವನು! ಹಿಂದೆ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ‘ಇವನಿಗೆ ಲೈಸೆನ್ಸ್ ಕೊಟ್ಟವರು ಯಾರು’ ಎಂದು ಅವನೂ ಅಂದುಕೊಂಡಿರಬೇಕು. ಅವತ್ತು ಅವನ ಮಾತು ಸರಿಯಾಗಿತ್ತು.

ನಾವು ತಮಾಷೆ ಮಾಡುವ ಈ ರಸ್ತೆಗಳಲ್ಲಿ 2022ರ ಒಂದೇ ವರ್ಷ ಭಾರತದಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂದು ಸರಕಾರದ ಲೆಕ್ಕ ಹೇಳುತ್ತದೆ. ಅವರಲ್ಲಿ ಎಷ್ಟು ಮಂದಿಯನ್ನು ‘ಕೆಟ್ಟ ಚಾಲಕರು’ ಕೊಂದರು, ಎಷ್ಟು ಮಂದಿಯನ್ನು ನನ್ನಂತಹ ‘ಒಳ್ಳೆಯ ಚಾಲಕರು’ ಕೊಂದರು ಎಂದು ಯಾವ ಲೆಕ್ಕವೂ ಹೇಳುವುದಿಲ್ಲ. 1981ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನೀವು ಗಾಡಿ ಬಿಡುವುದರಲ್ಲಿ ಎಷ್ಟು ನಿಪುಣರು ಎಂದು ಕೇಳಿದ್ದರು. ಉತ್ತರಿಸಿದ ಅಮೆರಿಕದವರಲ್ಲಿ ಶೇಕಡಾ 93, ಸ್ವೀಡನ್ನಿನವರಲ್ಲಿ ಶೇಕಡಾ 69 ಮಂದಿ ತಮ್ಮನ್ನು ಉತ್ತಮರ ಅರ್ಧದಲ್ಲಿ ಸೇರಿಸಿಕೊಂಡರು. ಅರ್ಧದಲ್ಲಿ 93 ಶೇಕಡಾ ಹಿಡಿಸುವುದು ಹೇಗೆ, ನೀವೇ ಹೇಳಿ!

ಅದೇ ಸ್ವೀಡನ್ನಿನಲ್ಲಿ ಒಂದು ವಿಚಿತ್ರ ನಡೆದಿತ್ತು. ಅಲ್ಲಿಯ ತನಕ ರಸ್ತೆಯ ಎಡಕ್ಕೆ ಓಡುತ್ತಿದ್ದ ದೇಶ 1967ರ ಸೆಪ್ಟೆಂಬರ್ 3ರಂದು ಬೆಳಗಿನ 5 ಗಂಟೆಗೆ ಬಲಕ್ಕೆ ಬದಲಾಯಿತು. ಹತ್ತು ನಿಮಿಷ ಮೊದಲೇ ಗಾಡಿಗಳನ್ನು ನಿಲ್ಲಿಸಿ, ನಿಧಾನವಾಗಿ ಬದಿ ಬದಲಿಸಿ, ಗಂಟೆಯಾಗುವ ತನಕ ಕಾಯಬೇಕಿತ್ತು. ಇನ್ನು ರಕ್ತದ ಹೊಳೆಯೇ ಹರಿಯಬಹುದೆಂದು ಭಾವಿಸಿದವರಿದ್ದರು. ಆದರೆ ಆದದ್ದು ತಿರುವುಮುರುವು. ಅಪಘಾತಗಳು ಕಡಿಮೆಯಾದವು! ಏಕೆಂದರೆ, ‘ನನಗೆ ಸರಿಯಾಗಿ ಬರುವುದಿಲ್ಲವೇನೋ’ ಎಂಬ ಅಳುಕಿನಿಂದಲೇ ಪ್ರತಿಯೊಬ್ಬನೂ ಗಾಡಿ ಬಿಡುತ್ತಿದ್ದ. ಹೊಸ ಬದಿ ಅಭ್ಯಾಸವಾಗಿ ಧೈರ್ಯ ಬಂದಂತೆ ಅಪಘಾತಗಳೂ ಮರಳಿ ಬಂದವು. 1969ರ ವೇಳೆಗೆ ಹಳೆಯ ಮಟ್ಟಕ್ಕೇ ತಲುಪಿದ್ದವು.

ಆ ಅಳುಕನ್ನು ನಾನೀಗ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಬಸ್ಸು ನಿಂತರೆ ಹಿಂದೆ ನಿಲ್ಲುತ್ತೇನೆ. ನನ್ನ ಹಿಂದಿನವರು ಹಾರನ್ ಬಾರಿಸುತ್ತಾರೆ, ಬೈಯುತ್ತಾರೆ. ಬೈಯಲಿ. ನಾಳೆ ನೀವು ಕೀಲಿ ತಿರುಗಿಸುವಾಗ ಒಂದು ಸಲ ಕನ್ನಡಿ ನೋಡಿಕೊಳ್ಳಿ. ಹಿಂದಿನ ಗಾಡಿ ಕಾಣುವ ಮೊದಲು ಅದರಲ್ಲಿ ಯಾರ ಮುಖ ಕಾಣುತ್ತದೆ?